ಬಾರ್ ಪರವಾನಗಿ ಮತ್ತು ಮದ್ಯ ಬಡಿಸುವವರ ತರಬೇತಿ: ಕಾಸರಗೋಡಿನ ಕಲಿಕಾರ್ಥಿಗಳಿಗೆ ಟಿಪ್ಪಣಿ

ಮದ್ಯವು ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ 8ನೆಯ ವಿಷಯವಾಗಿರುವುದರಿಂದ, ಅದರ ತಯಾರಿ, ಸಾಗಾಟ ಮತ್ತು ಮಾರಾಟದ ಕಾನೂನನ್ನು ಆಯಾ ರಾಜ್ಯವೇ ಮಾಡುತ್ತದೆ. ಮಂಗಳೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಬೇಕಲದ ರೆಸಾರ್ಟಿನಲ್ಲೋ ಕಾಸರಗೋಡಿನ ಹೋಟೆಲಿನಲ್ಲೋ ಕೆಲಸಕ್ಕೆ ಸೇರುವ ನಮ್ಮವರು ಮೊದಲು ಗಮನಿಸಬೇಕಾದದ್ದು ಇದನ್ನೇ. ಅಲ್ಲಿ ಓದಿದ 1965ರ ಕರ್ನಾಟಕ ಅಬಕಾರಿ ಅಧಿನಿಯಮವಾಗಲಿ, ಅಲ್ಲಿನ ಬಾರುಗಳ ಸಿಎಲ್-7, ಸಿಎಲ್-9 ಸನ್ನದುಗಳಾಗಲಿ ಗಡಿಯ ತಲಪಾಡಿ ದಾಟಿ ಕೇರಳಕ್ಕೆ ಬಂದ ಮೇಲೆ ಅನ್ವಯಿಸುವುದಿಲ್ಲ.

ಇಲ್ಲಿ ನಡೆಯುವುದು ಕೊಲ್ಲವರ್ಷ 1077ರ, ಎಂದರೆ 1902ರ, ಅಬಕಾರಿ ಕಾಯ್ದೆ ಮತ್ತು 1953ರ ವಿದೇಶಿ ಮದ್ಯ ನಿಯಮಗಳು. ಹೋಟೆಲಿನ ಬಾರಿಗೆ ಎಫ್‌ಎಲ್-3, ಬಿಯರ್ ಮತ್ತು ವೈನ್ ಪಾರ್ಲರಿಗೆ ಎಫ್‌ಎಲ್-11 ಪರವಾನಗಿ ಬೇಕು. ಶೇಂದಿ ಅಂಗಡಿಯ ನಿಯಮಗಳೇ ಬೇರೆ. 2014ರ ನೀತಿಯಿಂದ ಪಂಚತಾರಾ ಹೋಟೆಲುಗಳಿಗೆ ಸೀಮಿತವಾದ ಬಾರ್ ಪರವಾನಗಿ 2017ರಲ್ಲಿ ಮತ್ತೆ ತ್ರಿತಾರಾ ಹೋಟೆಲುಗಳಿಗೂ ತೆರೆಯಿತು. ಪರವಾನಗಿಯ ವರ್ಷ ಏಪ್ರಿಲ್ 1ರಂದು ಆರಂಭವಾಗುತ್ತದೆ. ಬಾರ್ ಪರವಾನಗಿ ಶುಲ್ಕವನ್ನು 2023-24ರ ನೀತಿಯಲ್ಲಿ 30 ಲಕ್ಷದಿಂದ 35 ಲಕ್ಷ ರೂಪಾಯಿಗೆ ಏರಿಸಲಾಯಿತು. ಇದಲ್ಲದೆ ಅಡುಗೆಮನೆಗೆ ಆಹಾರ ಸುರಕ್ಷತಾ ಪರವಾನಗಿಯೂ ಇರಬೇಕು.

ಪರವಾನಗಿ ಮಾಲಕನ ಹೆಸರಿನಲ್ಲಿದ್ದರೂ, ಅದರ ಷರತ್ತನ್ನು ನೌಕರನು ಮುರಿದರೆ ಪರವಾನಗಿಯೇ ರದ್ದಾಗಬಹುದು. ಹೀಗಿರುವಾಗ ಸಪ್ಲಯರಿಗೆ ತರಬೇತಿಯಿಲ್ಲದಿರುವುದು ದೊಡ್ಡ ಕೊರತೆಯೆಂದೇ ನನ್ನ ಅಭಿಪ್ರಾಯ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಮದ್ಯ ಬಡಿಸುವವರು ಕೆಲಸಕ್ಕೆ ಸೇರಿದ 60 ದಿನಗಳೊಳಗೆ ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ಪಡೆಯಬೇಕು. ಅದರ ಅವಧಿ 3 ವರ್ಷ. ನಮ್ಮಲ್ಲಿ ಪ್ರತಿ 25 ಮಂದಿ ಆಹಾರ ನಿರ್ವಾಹಕರಿಗೆ, ಎಂದರೆ ಆಹಾರವನ್ನು ಮುಟ್ಟಿ ಕೆಲಸ ಮಾಡುವವರಿಗೆ, ತರಬೇತಿ ಪಡೆದ ಒಬ್ಬ ಆಹಾರ ಸುರಕ್ಷತಾ ಮೇಲ್ವಿಚಾರಕನಿರಬೇಕೆಂಬ ವ್ಯವಸ್ಥೆ ಇದೆ, ಆದರೆ ಆ ಪಾಠ ಸ್ವಚ್ಛತೆಯನ್ನು ಕುರಿತದ್ದು. ಗಿರಾಕಿ ಎಷ್ಟು ಕುಡಿದಿದ್ದಾನೆಂದು ಅಳೆಯುವುದನ್ನು ಅದು ಕಲಿಸುವುದಿಲ್ಲ.

ಆ ಅಳತೆಯನ್ನು ನಾವೇ ಕಲಿಯಬೇಕು. ನಮ್ಮ ವಿಸ್ಕಿ, ಬ್ರಾಂದಿ, ರಮ್ಮುಗಳಲ್ಲಿ ಸಾಮಾನ್ಯವಾಗಿ ಶೇಕಡಾ 42.8ರಷ್ಟು ಮದ್ಯಸಾರವಿರುತ್ತದೆ. ಮದ್ಯಸಾರದ ಸಾಂದ್ರತೆ ಮಿಲಿಲೀಟರಿಗೆ 0.789 ಗ್ರಾಂ ಆದ್ದರಿಂದ, 30 ಮಿಲಿಲೀಟರಿನ ಸ್ಮಾಲ್ ಪೆಗ್ಗಿನಲ್ಲಿ ಸುಮಾರು 10 ಗ್ರಾಂ, 60ರ ಲಾರ್ಜಿನಲ್ಲಿ ಸುಮಾರು 20 ಗ್ರಾಂ ಇರುತ್ತದೆ. ಇದೇ ಲೆಕ್ಕದಲ್ಲಿ ಶೇಕಡಾ 8ರ ಸ್ಟ್ರಾಂಗ್ ಬಿಯರಿನ 650 ಮಿಲಿಲೀಟರ್ ಬಾಟಲಿಯಲ್ಲಿ 41 ಗ್ರಾಂ, ಅಂದರೆ ನಾಲ್ಕು ಸ್ಮಾಲ್ ಪೆಗ್ಗಿನಷ್ಟು, ಮದ್ಯಸಾರವಿದೆ. ‘ಬಿಯರ್ ತಾನೇ’ ಎಂದು ಹಗುರಾಗಿ ಎಣಿಸುವ ಸಪ್ಲಯರ್ ಎರಡು ಬಾಟಲಿಯಲ್ಲಿ ಎಂಟು ಪೆಗ್ ಬಡಿಸಿರುತ್ತಾನೆ. ಯಕೃತ್ತು ಗಂಟೆಗೆ ಹೆಚ್ಚೆಂದರೆ ಸುಮಾರು ಒಂದು ಸ್ಮಾಲ್ ಪೆಗ್ಗನ್ನು ಮಾತ್ರ ಕರಗಿಸಬಲ್ಲದು. ಕಾಫಿಯಾಗಲಿ ತಣ್ಣೀರ ಸ್ನಾನವಾಗಲಿ ಅದನ್ನು ಚುರುಕುಗೊಳಿಸದು. ಮೋಟಾರು ವಾಹನ ಕಾಯ್ದೆಯ 185ನೆಯ ಕಲಮಿನ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಎಪ್ಪತ್ತು ಕಿಲೋ ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಒಂದೇ ಲಾರ್ಜ್ ಕುಡಿದರೂ ಅದನ್ನು ಮೀರಬಹುದು. ಆದುದರಿಂದ ಬಿಲ್ಲಿನ ಜೊತೆಗೆ ಗ್ರಾಂಗಳ ಲೆಕ್ಕವನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು, ವಾಹನದ ಕೀಲಿ ಮೇಜಿನ ಮೇಲೆ ಕಂಡರೆ ಆಟೋ ಕರೆಯುವ ಮಾತನ್ನು ಬೇಗನೆ ಎತ್ತಬೇಕು.

ಕೇರಳದಲ್ಲಿ 23 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. ಸಂಶಯವಿದ್ದರೆ ಗುರುತಿನ ಚೀಟಿಯಲ್ಲಿ ಜನ್ಮದಿನಾಂಕ ನೋಡಬೇಕು. ಅಮಲೇರಿದವನಿಗೆ ನಿರಾಕರಿಸುವಾಗ ಅವನ ಗೆಳೆಯರೆದುರು ದನಿ ಎತ್ತದೆ, ‘ಅಣ್ಣಾ, ಈಗ ಊಟ ತರುತ್ತೇನೆ’ ಎಂದು ತಟ್ಟೆ ಮುಂದಿಟ್ಟು, ತಕ್ಷಣ ಮ್ಯಾನೇಜರಿಗೆ ತಿಳಿಸುವುದು ಒಳ್ಳೆಯದು.

ಗಡಿಯವರಾದ ನಮಗೆ ಇನ್ನೊಂದು ಎಚ್ಚರವೂ ಅಗತ್ಯ. ಕೇರಳದ ಬಾರುಗಳು ತಮ್ಮ ಸರಕನ್ನು ರಾಜ್ಯ ಪಾನೀಯ ನಿಗಮದ ಗೋದಾಮಿನಿಂದಲೇ ಕೊಳ್ಳಬೇಕು. ಕರ್ನಾಟಕದ ಮದ್ಯವನ್ನು ಅನುಮತಿಯಿಲ್ಲದೆ ಒಳತರುವುದು ಅಬಕಾರಿ ಕಾಯ್ದೆಯ 55ನೆಯ ಕಲಮಿನಡಿ 10 ವರ್ಷದವರೆಗೆ ಜೈಲು ಮತ್ತು ಕನಿಷ್ಠ 1 ಲಕ್ಷ ರೂಪಾಯಿ ದಂಡಕ್ಕೆ ಗುರಿಯಾಗುವ ಅಪರಾಧ. ಆದ್ದರಿಂದ ಬಾಟಲಿ ತೆರೆಯುವ ಮುನ್ನ ಅದರ ಮೇಲಿನ ಚೀಟಿಯನ್ನು ಓದಬೇಕು, ಕರ್ನಾಟಕದಲ್ಲಿ ಮಾತ್ರ ಮಾರಾಟಕ್ಕೆ ಎಂದಿದ್ದರೆ ಯಾರು ಹೇಳಿದರೂ ಬಡಿಸಕೂಡದು.