ಶಾಸಕರ ಲೆಟರ್ ಎಲ್ಲಿ ಕೊಡೋದು?

ಹೋದ ವರ್ಷ ಕೊನೆಕೊಯ್ಲಿನ ಹೊತ್ತಲ್ಲಿ ಅಡಿಕೆ ಗೊನೆ ಇಳಿಸುವ ಒಬ್ಬ ಕೊನೆಗಾರರು ಮರದಿಂದ ಬಿದ್ದು ನಮ್ಮ ತಾಲ್ಲೂಕು ಆಸ್ಪತ್ರೆಗೆ ಬಂದರು. ಸೊಂಟದ ಮೂಳೆ ಮುರಿದಿತ್ತು. ಬಿದ್ದದ್ದು ಬೆಳಿಗ್ಗೆ, ನಮ್ಮ ಹತ್ತಿರ ಬಂದದ್ದು ಸಂಜೆ. ಮೊದಲು ಒಂದು ಖಾಸಗಿ ಆಸ್ಪತ್ರೆಗೆ ಹೋಗಿದ್ದರಂತೆ, ಅಲ್ಲಿ ಅಡ್ವಾನ್ಸ್ ಕಟ್ಟಿ ಅಂದರಂತೆ, ಎಮ್ಮೆಲ್ಲೆ ಲೆಟರ್ ತಂದ್ರೆ ಫ್ರೀ ಆಗುತ್ತೆ ಅಂತ ಯಾರೋ ಹೇಳಿದ್ದಕ್ಕೆ ಅವರ ತಮ್ಮ ಬೈಕ್ ಹತ್ತಿ ಶಾಸಕರ ಮನೆಗೆ ಓಡಿದ್ದಾನೆ, ಅವರು ನೋಡಿದರೆ ಬೆಂಗಳೂರಿನಲ್ಲಿದ್ದರು. ಅಷ್ಟೂ ಹೊತ್ತು ಆ ಮನುಷ್ಯ ಓಮ್ನಿಯ ಹಿಂದಿನ ಸೀಟಿನಲ್ಲಿ ನರಳುತ್ತಾ ಮಲಗಿದ್ದರು.

ಆ ಲೆಟರ್ ಬೇಕಾಗಿಯೇ ಇರಲಿಲ್ಲ!

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿಯಾದ ದರದ ಶೇ 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ನಮ್ಮಲ್ಲಿ ಆಗದ ಆಪರೇಷನ್‌ಗೆ ನಾವೇ ರೆಫರಲ್ ಬರೆದು ಕೊಡುತ್ತೇವೆ, ಯೋಜನೆಯ ತುರ್ತು ಚಿಕಿತ್ಸೆಗಳಿಗೆ ಅದೂ ಬೇಡ. ರೇಷನ್ ಕಾರ್ಡು, ಆಧಾರ್ ಹಿಡಿದುಕೊಂಡು ಯೋಜನೆಯಲ್ಲಿರುವ ಆಸ್ಪತ್ರೆಯಲ್ಲಿ ಇದಕ್ಕೇ ಅಂತ ಇರುವ ಸಹಾಯಕರನ್ನು, ಅಂದರೆ ಆರೋಗ್ಯ ಮಿತ್ರರನ್ನು, ಕೇಳಿದರೆ ಸಾಕು.

ಮತ್ತೆ ಅಡ್ವಾನ್ಸ್ ವಿಷಯ. ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದ್ದು, 2017ರಲ್ಲಿ ತಿದ್ದುಪಡಿ ಆಯಿತು. ಜೀವ ಹೋಗುವಂಥ ತುರ್ತಿನಲ್ಲಿ ಅಡ್ವಾನ್ಸ್ ಕಟ್ಟಿಲ್ಲ ಅಂತ ಚಿಕಿತ್ಸೆ ತಡೆಯುವ ಹಾಗಿಲ್ಲ, ಬಿಲ್ ಬಾಕಿ ಇದೆ ಅಂತ ಹೆಣ ಹಿಡಿದಿಟ್ಟುಕೊಳ್ಳುವ ಹಾಗಿಲ್ಲ. ಆ ತಿದ್ದುಪಡಿ ವಿರುದ್ಧ ಖಾಸಗಿ ವೈದ್ಯರು ಮುಷ್ಕರ ಮಾಡಿದ್ದು ನಿಮಗೂ ನೆನಪಿರಬಹುದು. ಅಷ್ಟು ಗಲಾಟೆಯ ನಡುವೆಯೂ ಸದನ ಅದನ್ನು ಪಾಸು ಮಾಡಿತು. ಶಾಸಕರ ಬೆಂಬಲ ಅಂದರೆ ನನಗೆ ಮೊದಲು ನೆನಪಾಗುವುದು ಅದೇ.

ಈಚೆಗೆ ನಮ್ಮ ಕಡೆಯ ಶಾಸಕರೊಬ್ಬರು ಆರೋಗ್ಯ ಎಲ್ಲರ ಹಕ್ಕಾಗಬೇಕು ಅಂತ ಮಾತಾಡಿದರು. ನನಗೆ ನಿಜಕ್ಕೂ ಖುಷಿಯಾಯಿತು. ಕೋರ್ಟ್ ಇದನ್ನು 1996ರಲ್ಲೇ ಹೇಳಿದೆ. ಬಂಗಾಳದ ಒಬ್ಬ ಕೂಲಿಯಾಳು ರೈಲಿನಿಂದ ಬಿದ್ದು ತಲೆಗೆ ಪೆಟ್ಟಾಗಿ, ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ತಿರುಗಿದರೂ ಸೇರಿಸಿಕೊಳ್ಳಲಿಲ್ಲ. ಸಮಯಕ್ಕೆ ಚಿಕಿತ್ಸೆ ಕೊಡದಿರುವುದು ಬದುಕುವ ಹಕ್ಕನ್ನೇ ಕಿತ್ತುಕೊಂಡ ಹಾಗೆ, ದುಡ್ಡಿಲ್ಲ ಅಂತ ಸರ್ಕಾರ ತಪ್ಪಿಸಿಕೊಳ್ಳುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ರಾಜಸ್ಥಾನ 2023ರಲ್ಲಿ ಇದಕ್ಕೇ ಅಂತ ಒಂದು ಕಾಯ್ದೆ ಮಾಡಿತು. ನಮ್ಮಲ್ಲೂ ಆಗಬೇಕು ಅನ್ನುವವರಲ್ಲಿ ನಾನೂ ಒಬ್ಬ.

ಆದರೆ ಮಲೆನಾಡಿನಲ್ಲಿ ಹಕ್ಕು ಕಾಗದದಿಂದ ಇಳಿದು ರಸ್ತೆಗೆ ಬರಬೇಕಲ್ವಾ? ಶರಾವತಿ ಹಿನ್ನೀರಿನ ಆಚೆ ದಡದ ತುಮರಿ ಕಡೆಯವರನ್ನು ಕೇಳಿ. 1964ರಲ್ಲಿ ಲಿಂಗನಮಕ್ಕಿ ಆಣೆಕಟ್ಟು ಮುಗಿದು ನೀರು ನಿಂತ ಮೇಲೆ ಅವರು ಸಾಗರದ ಆಸ್ಪತ್ರೆಗೆ ಬರಬೇಕಾದರೆ ಲಾಂಚ್ ಹತ್ತಬೇಕಿತ್ತು. ರಾತ್ರಿ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಲಾಂಚ್ ಇಲ್ಲದೆ ಕಾಡು ದಾರಿಯಲ್ಲಿ ಸುತ್ತು ಬಳಸಬೇಕಿತ್ತು, ಇಲ್ಲ ಬೆಳಗಾಗುವವರೆಗೆ ದಡದಲ್ಲಿ ಕಾಯಬೇಕಿತ್ತು. 2025ರ ಜುಲೈನಲ್ಲಿ ಸೇತುವೆ ಆಯಿತು. ಆ ಊರಿನವರ ಪಾಲಿಗೆ ಆ ಸೇತುವೆಯೂ ಆರೋಗ್ಯದ ಹಕ್ಕೇ.

ಸೇತುವೆ ದಾಟಿ ಬಂದ ಮೇಲೆ ಆಸ್ಪತ್ರೆಯಲ್ಲಿ ಡಾಕ್ಟರೂ ಇರಬೇಕು. ಅರಿವಳಿಕೆ ತಜ್ಞರ ಹುದ್ದೆ ಖಾಲಿ ಬಿದ್ದರೆ ಒಳ್ಳೆ ಆಪರೇಷನ್ ಥಿಯೇಟರ್ ಇದ್ದೂ ಸುಮ್ನೆ ಬೀಗ. ತಾಲ್ಲೂಕು ಆಸ್ಪತ್ರೆಯ ಉಸ್ತುವಾರಿ ನೋಡುವ ಆರೋಗ್ಯ ರಕ್ಷಾ ಸಮಿತಿಗೆ ಶಾಸಕರೇ ಅಧ್ಯಕ್ಷರು. ಆ ಸಭೆ ತಪ್ಪದೆ ನಡೆಯಲಿ, ಯಾವ ಹುದ್ದೆ ಎಷ್ಟು ದಿನದಿಂದ ಖಾಲಿ ಅಂತ ಅಲ್ಲಿ ಕೇಳಲಿ, ಅದನ್ನೇ ಸದನದಲ್ಲೂ ಕೇಳಲಿ. ಯಾವ ಚಿಕಿತ್ಸೆಗೆ ಯಾವ ಕಾಗದ ಸಾಕು ಅಂತ ದೊಡ್ಡ ಅಕ್ಷರದಲ್ಲಿ ಒಂದು ಬೋರ್ಡ್ ಹಾಕಿಸಲಿ. ನೂರು ಶಿಫಾರಸು ಪತ್ರಕ್ಕಿಂತ ಇದರಿಂದ ಜಾಸ್ತಿ ಜನ ಉಳಿಯುತ್ತಾರೆ.

ಆ ಕೊನೆಗಾರರನ್ನು ಅವತ್ತು ರಾತ್ರಿಯೇ 108ರಲ್ಲಿ ಶಿವಮೊಗ್ಗದ ಮೆಗ್ಗಾನ್ ಸರ್ಕಾರಿ ಆಸ್ಪತ್ರೆಗೆ ಕಳಿಸಿದೆವು. ಆಪರೇಷನ್ ಆಯಿತು, ದುಡ್ಡು ಕಟ್ಟಬೇಕಾಗಲಿಲ್ಲ. ನಾಲ್ಕು ದಿನ ಬಿಟ್ಟು ಅವರ ತಮ್ಮ ನಮ್ಮ ಓಪಿಡಿಗೆ ಬಂದ. ಕೈಯಲ್ಲಿ ಶಾಸಕರ ಸಹಿ ಬಿದ್ದ ಲೆಟರ್, ಮಡಚು ಕೂಡ ಬೀಳದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದ.

"ಸಾರ್, ಇದನ್ನ ಎಲ್ಲಿ ಕೊಡೋದು?"

"ಎಲ್ಲೂ ಬೇಡ ಮಾರಾಯ," ಅಂದೆ.