ಬೀಜಿಂಗಿನ ಹೊಗೆಮಂಜಿಗೂ ಪೆಸಿಫಿಕ್ ಸಾಗರಕ್ಕೂ ಏನು ನಂಟು?

2013ರ ಜನವರಿ 12ರ ರಾತ್ರಿ ಬೀಜಿಂಗಿನ ಅಮೆರಿಕ ರಾಯಭಾರ ಕಚೇರಿಯ ಮಾಪಕ ವಾಯು ಗುಣಮಟ್ಟ ಸೂಚ್ಯಂಕವನ್ನು 755 ಎಂದು ತೋರಿಸಿತು. ಸೂಚ್ಯಂಕದ ಪಟ್ಟಿ ಮುಗಿಯುವುದೇ 500ಕ್ಕೆ. ಆ ವಾರ ಕಾರ್ಖಾನೆ, ಬಾಯ್ಲರುಗಳೇನೂ ದಿಢೀರನೆ ಹೆಚ್ಚಿರಲಿಲ್ಲ. ನಿಂತುಹೋಗಿದ್ದು ಗಾಳಿ.

ಚಳಿಗಾಲದಲ್ಲಿ ಈ ನಗರವನ್ನು ಗುಡಿಸುವುದು ಸೈಬೀರಿಯಾದ ಅಧಿಕ ಒತ್ತಡ ಪ್ರದೇಶದಿಂದ ಬೀಸುವ ಉತ್ತರದ ಒಣಗಾಳಿ. ಅದು ಸೊರಗಿದರೆ ದಕ್ಷಿಣದ ತೇವದ ಗಾಳಿ ಬೀಜಿಂಗನ್ನು ಸುತ್ತುವರಿದ ಹೆಬೈ ಪ್ರಾಂತ್ಯದ ಹೊಗೆಯನ್ನೂ ಹೊತ್ತು ತರುತ್ತದೆ. ಪಶ್ಚಿಮಕ್ಕೆ ತೈಹಾಂಗ್, ಉತ್ತರಕ್ಕೆ ಯಾನ್ ಬೆಟ್ಟಸಾಲು, ಹೊರದಾರಿ ಬಂದ್. ಮೇಲೆ ಬೆಚ್ಚನೆಯ ಪದರವೊಂದು ಕೂತು, ಹೊಗೆ ಬೆರೆಯಲು ಸಿಗುವ ಎತ್ತರ 1000 ಮೀಟರಿನಿಂದ 300ಕ್ಕೆ ಇಳಿಯಿತೆನ್ನಿ: ಅಷ್ಟೇ ಹೊಗೆ, ಮೂರು ಪಟ್ಟಿಗೂ ಹೆಚ್ಚು ಸಾಂದ್ರತೆ. ತೇವ ಹೀರಿ ಕಣಗಳು ಉಬ್ಬುವುದರಿಂದ ಗೋಚರತೆ ಇನ್ನೂ ಕೆಡುತ್ತದೆ.

ಎಲ್ ನಿನೊ ವರ್ಷಗಳಲ್ಲಿ, ಅಂದರೆ ಸಮಭಾಜಕದ ಬಳಿಯ ಪೆಸಿಫಿಕ್‌ನ ಮಧ್ಯ, ಪೂರ್ವ ಭಾಗ ವಾಡಿಕೆಗಿಂತ ಬೆಚ್ಚಗಾದಾಗ, ಪೂರ್ವ ಏಷ್ಯಾದ ಚಳಿಗಾಲದ ಮಾರುತ, ಅಂದರೆ ಇದೇ ಉತ್ತರದ ಗಾಳಿ, ಸಾಮಾನ್ಯವಾಗಿ ದುರ್ಬಲ. ಆದರೆ ಈ ಲೆಕ್ಕ ಕೆಲವು ದಶಕ ಹೊಂದುತ್ತದೆ, ಕೆಲವು ದಶಕ ಕೈಕೊಡುತ್ತದೆ. ಕಾರಣ ಪೆಸಿಫಿಕ್ ಡೆಕೇಡಲ್ ಆಸಿಲೇಶನ್, ಅಂದರೆ ಪಿಡಿಒ. ಉತ್ತರ ಪೆಸಿಫಿಕ್‌ನ ಮೇಲ್ಮೈ ತಾಪಮಾನದ ವಿನ್ಯಾಸ ಹೆಚ್ಚುಕಡಿಮೆ 20–30 ವರ್ಷ ಒಂದು ಕಡೆ ವಾಲಿ ಮತ್ತೆ ಹೊರಳುತ್ತದೆ. 1996ರಲ್ಲಿ ಇದಕ್ಕೆ ಹೆಸರಿಟ್ಟ ಸ್ಟೀವನ್ ಹೇರ್ ಹವಾಮಾನದವರೇ ಅಲ್ಲ, ಅಲಾಸ್ಕಾದ ಸಾಲ್ಮನ್ ಮೀನಿನ ಏರಿಳಿತದ ಬೆನ್ನುಬಿದ್ದಿದ್ದ ಮೀನುಗಾರಿಕೆ ವಿಜ್ಞಾನಿ. 1976–77ರಲ್ಲಿ ಪಿಡಿಒ ಧನಾತ್ಮಕ ಹಂತಕ್ಕೆ (ಉತ್ತರ ಪೆಸಿಫಿಕ್‌ನ ನಡುಭಾಗ ತಣ್ಣಗೆ, ಅಮೆರಿಕದ ಕರಾವಳಿ ಬೆಚ್ಚಗೆ) ಹೊರಳಿ, ಉತ್ತರ ಪೆಸಿಫಿಕ್ ಮೇಲಿನ ಅಲ್ಯೂಶಿಯನ್ ಕಡಿಮೆ ಒತ್ತಡ ಪ್ರದೇಶ ಬಲಗೊಂಡಿತು. ಈ ಹಂತದಲ್ಲಿ ಎಲ್ ನಿನೊಗೂ ಚಳಿಗಾಲದ ಮಾರುತಕ್ಕೂ ನಂಟು ಸಡಿಲ. ಋಣಾತ್ಮಕ ಹಂತದಲ್ಲಿ ಬಿಗಿ. ಎಲ್ ನಿನೊ ಒಂದನ್ನೇ ನೆಚ್ಚಿದ ಮುನ್ಸೂಚನೆ ಎಡವುವುದು ಇಲ್ಲೇ.

ಹೊಗೆಮಂಜಿನ ದಾಖಲೆಯ ಪಾಡು ಬೇರೆ. ಚೀನಾದಲ್ಲಿ ದೇಶವ್ಯಾಪಿ ಪಿಎಂ 2.5 (2.5 ಮೈಕ್ರೊಮೀಟರ್ ಅಥವಾ ಅದಕ್ಕಿಂತ ಸಣ್ಣ ಕಣಗಳ) ಅಳತೆ ಶುರುವಾದದ್ದೇ 2013ರ ಹೊತ್ತಿಗೆ. ಹಿಂದಿನ ದಶಕಗಳಿಗೆ ಹವಾಮಾನ ಕೇಂದ್ರದ ಸಿಬ್ಬಂದಿ ಕಣ್ಣಳತೆಯಲ್ಲಿ ಬರೆದಿಟ್ಟ ಗೋಚರತೆಯೇ ಗತಿ. ಮಳೆ, ಹಿಮ ಇಲ್ಲದೆ 10 ಕಿ.ಮೀ.ಗಿಂತ ಕಡಿಮೆ ಕಂಡರೆ, ತೇವಾಂಶವೂ ಮಿತಿಯೊಳಗಿದ್ದರೆ, ಅದು ಹೊಗೆಮಂಜಿನ ದಿನ. ಆ ಮಿತಿ ಕೆಲವರಿಗೆ ಶೇ. 80, ಕೆಲವರಿಗೆ ಶೇ. 90, ಅಷ್ಟಕ್ಕೇ ದಿನಗಳ ಎಣಿಕೆ ಬದಲಾಗುತ್ತದೆ. ಮುಂದೆ ಉಪಕರಣ ಬಂತು. ಅದು ಕಣ್ಣಿಗಿಂತ ಕಡಿಮೆ ದೂರ ತೋರಿಸುವುದರಿಂದ 10ರ ಬದಲು 7.5 ಕಿ.ಮೀ. ಮಿತಿ ಹಿಡಿಯಬೇಕು. ಹಾಗೆ ಮಾಡದೆ ಎರಡೂ ದಾಖಲೆ ಹೊಲಿದರೆ ಇಲ್ಲದ ಏರಿಕೆ ಕಾಣುತ್ತದೆ.

ಬೀಜಿಂಗಿನ ವಾರ್ಷಿಕ ಪಿಎಂ 2.5 ಸರಾಸರಿ 2013ರಲ್ಲಿ ಘನ ಮೀಟರಿಗೆ 89.5 ಮೈಕ್ರೊಗ್ರಾಂ ಇದ್ದದ್ದು 2017ರಲ್ಲಿ 58ಕ್ಕೆ ಇಳಿಯಿತು. ಕಲ್ಲಿದ್ದಲು ಕಡಿತದ ಪಾಲು ದೊಡ್ಡದೇ; ಆದರೆ ಆ ವರ್ಷದ ಕೊನೆಗೆ ಉತ್ತರದ ಗಾಳಿಯೂ ಕೈಹಿಡಿದಿತ್ತು. ಎರಡನ್ನೂ ಬೇರ್ಪಡಿಸಲು ಕಂಪ್ಯೂಟರ್ ಮಾದರಿಯಲ್ಲಿ ಒಂದೇ ವರ್ಷದ ಹೊಗೆ ಇಟ್ಟು, ಬೇರೆ ಬೇರೆ ವರ್ಷಗಳ ಹವೆ ಕೊಟ್ಟು ನೋಡುತ್ತಾರೆ.