ಚಳಿಗಾಲದ ಏಲ್‌ಗೆ ಆ ಬಿಸುಪು ಎಲ್ಲಿಂದ ಬರುತ್ತದೆ?

ಮಸಾಲೆ ಹಾಕಿದ ಚಳಿಗಾಲದ ಏಲ್ ಬಿಯರನ್ನು ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ ಕುಡಿದರೆ ಅದರ ಗುಣ ತಿಳಿಯುವುದಿಲ್ಲ. ಹುಬ್ಬಳ್ಳಿಯಲ್ಲಿ ಬಿಯರನ್ನು ತಾವೇ ತಯಾರಿಸಿ ಕೊಡುವ ಒಂದು ಬ್ರೂಪಬ್‌ನಲ್ಲಿ ಡಿಸೆಂಬರ್ ಹೊತ್ತಿಗೆ ಯಾಲಕ್ಕಿ, ಶುಂಠಿ, ಲವಂಗ ಹಾಕಿದ ಕಂದು ಏಲ್ ಸಿಕ್ಕಿತು. ನಾವು ಗೆಳೆಯರು ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕಾದೆವು. 10ರಿಂದ 13 ಡಿಗ್ರಿ ಸೆಲ್ಸಿಯಸ್‌ಗೆ ಬಂದರೆ ಇಂಥ ಬಿಯರ್ ಬಾಯಿ ಬಿಡುತ್ತದೆ. ಪರಿಮಳದ ಅಣುಗಳು ದ್ರವದಿಂದ ಹಾರಿ ಮೂಗಿಗೆ ತಲುಪಬೇಕು. ತಣ್ಣಗಿದ್ದಷ್ಟೂ ಅವು ಹಾರುವುದು ಕಡಿಮೆ.

ಮೊದಲು ಎದ್ದದ್ದು ಯಾಲಕ್ಕಿ. ಹಾವೇರಿಯ ಯಾಲಕ್ಕಿ ಹಾರವನ್ನು ಕೊರಳಿಗೆ ಹಾಕಿಸಿಕೊಂಡವರಿಗೆ ಈ ಕಂಪು ಚೆನ್ನಾಗಿ ಗೊತ್ತು. ಅದರಲ್ಲಿ ಮುಖ್ಯವಾದ ಅಣುಗಳು ಎರಡು: ನೀಲಗಿರಿ ಎಣ್ಣೆಯಲ್ಲೂ ಇರುವ, ತಂಪೆನಿಸುವ ಸಿನಿಯೋಲ್ ಮತ್ತು ಸಿಹಿ ವಾಸನೆಯ ಟರ್ಪಿನೈಲ್ ಅಸಿಟೇಟ್. ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಧಾನ್ಯದ) ರಸ ಕುದಿಯತೊಡಗಿದಾಗಲೇ ಯಾಲಕ್ಕಿ ಹಾಕಿದರೆ ಎರಡೂ ಹಬೆಯ ಜೊತೆ ಹೋಗಿಬಿಡುತ್ತವೆ. ಗೋಧಿ ಹುಗ್ಗಿಗೆ ಇಳಿಸುವ ಮುಂಚೆ ಯಾಲಕ್ಕಿ ಪುಡಿ ಉದುರಿಸುವ ಹಾಗೆ, ಬಿಯರ್ ತಯಾರಿಸುವವರೂ ಮಸಾಲೆಯನ್ನು ಕುದಿಯ ಕೊನೆಗೆ ಹಾಕುತ್ತಾರೆ. ಇಲ್ಲವೇ ವೋಡ್ಕಾದಲ್ಲಿ ನೆನೆಹಾಕಿ, ಹುದುಗು ಮುಗಿದ ಮೇಲೆ ಸೋಸಿ ಬೆರೆಸುತ್ತಾರೆ. ಮಸಾಲೆಯ ಎಣ್ಣೆಗಳು ನೀರಿಗಿಂತ ಆಲ್ಕೊಹಾಲ್‌ನಲ್ಲಿ ಚೆನ್ನಾಗಿ ಕರಗುತ್ತವೆ.

ಲವಂಗದ ವಾಸನೆಯನ್ನು ಮಾತ್ರ ಕೂಡಲೇ ನಂಬಬಾರದು. ಲವಂಗದಲ್ಲಿರುವುದು ಯೂಜಿನಾಲ್. ಆದರೆ ಕೆಲವು ಏಲ್ ಯೀಸ್ಟ್‌ಗಳು, ಅದರಲ್ಲೂ ಜರ್ಮನಿಯ ಗೋಧಿ ಬಿಯರಿಗೆ ಬಳಸುವಂಥವು, ಧಾನ್ಯದ ಫೆರುಲಿಕ್ ಆಮ್ಲದಿಂದ 4-ವಿನೈಲ್ ಗ್ವಾಯಕಾಲ್ ಎಂಬ ಅಣುವನ್ನು ತಾವೇ ತಯಾರಿಸುತ್ತವೆ. ಒಂದು ಲವಂಗವನ್ನೂ ಹಾಕದೆ ಲವಂಗದ ವಾಸನೆ ಬರುತ್ತದೆ!

ಇನ್ನು ಬಿಸುಪಿನ ಮಾತು. ಅದು ರುಚಿಯೂ ಅಲ್ಲ, ವಾಸನೆಯೂ ಅಲ್ಲ. ಬಾಯಿಯ ನರತುದಿಗಳಲ್ಲಿ ಶಾಖವನ್ನೂ ಖಾರವನ್ನೂ ಗುರುತಿಸುವ ಟಿಆರ್‌ಪಿವಿ1 ಎಂಬ ಗ್ರಾಹಕ ಪ್ರೋಟೀನ್ ಇದೆ. 1997ರಲ್ಲಿ ಇದನ್ನು ಗುರುತಿಸಿದ ತಂಡದ ಮುಖ್ಯಸ್ಥ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಬಂತು. ಸುಮಾರು 42 ಡಿಗ್ರಿ ದಾಟಿದ ಶಾಖಕ್ಕೆ ಅದು ಎಚ್ಚರಗೊಂಡು ಮಿದುಳಿಗೆ ‘ಸುಡುತ್ತಿದೆ’ ಎಂದು ಸುದ್ದಿ ಕಳಿಸುತ್ತದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್‌ಗೂ ಶುಂಠಿಯ ಜಿಂಜರಾಲ್‌ಗೂ ಎಚ್ಚರಗೊಳ್ಳುವುದು ಇದೇ ಗ್ರಾಹಕ. ಬ್ಯಾಡಗಿ ಮೆಣಸಿನಕಾಯಿ ಅಷ್ಟು ಕೆಂಪಗಿದ್ದರೂ ಬಾಯಿ ಉರಿಸದಿರಲು ಕಾರಣ ಅದರಲ್ಲಿ ಕ್ಯಾಪ್ಸೈಸಿನ್ ಕಡಿಮೆ ಇರುವುದು. ಬಣ್ಣ ಕೊಡುವ ಅಣುಗಳೇ ಬೇರೆ. ಆಲ್ಕೊಹಾಲ್ ಮಾಡುವ ಕೆಲಸ ಇನ್ನೂ ಸೊಗಸು. ಅದು ಈ ಗ್ರಾಹಕದ ಮಿತಿಯನ್ನು 42ರಿಂದ ಸುಮಾರು 34 ಡಿಗ್ರಿಗೆ ಇಳಿಸುತ್ತದೆ. ಆಗ ನಮ್ಮ ಮೈಯ ಬಿಸಿಯೇ ನಮಗೆ ಬಿಸಿಯಾಗಿ ತಾಗುತ್ತದೆ. ನನಗೆ ಇಡೀ ಏಲ್‌ನಲ್ಲಿ ಅತ್ಯಂತ ಬೆರಗಿನ ಸಂಗತಿ ಇದೇ. ಮೈ ನಿಜವಾಗಿ ಬೆಚ್ಚಗಾಗುವುದಿಲ್ಲ ಎಂಬುದನ್ನೂ ಹೇಳಬೇಕು: ಆಲ್ಕೊಹಾಲ್ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಒಳಗಿನ ಶಾಖ ಹೊರಗೆ ಹೋಗುತ್ತದೆ. ಚಳಿಯಲ್ಲಿ ಕುಡಿದು ಹೊರಗೆ ನಿಲ್ಲುವುದು ಅಪಾಯ.

ಇಂಥ ಬಿಯರನ್ನು ಸವಿದು ಅಂಕ ಕೊಡುವಾಗ ಮೂಗು, ನಾಲಿಗೆ, ನರ ಈ ಮೂರರ ಮಾತನ್ನೂ ಬೇರೆ ಬೇರೆಯಾಗಿ ಕೇಳಿಸಿಕೊಳ್ಳಬೇಕು. ಅಮೆರಿಕದಲ್ಲಿ 1985ರಲ್ಲಿ ಶುರುವಾದ, ಬಿಯರ್ ತೀರ್ಪುಗಾರರಿಗೆ ಪ್ರಮಾಣಪತ್ರ ಕೊಡುವ ಬಿಯರ್ ಜಡ್ಜ್ ಸರ್ಟಿಫಿಕೇಶನ್ ಪ್ರೋಗ್ರಾಂನ ಅಂಕದ ಹಾಳೆಯಲ್ಲಿ ಒಟ್ಟು 50 ಅಂಕ: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ತಾಗುವ ಅನುಭವಕ್ಕೆ 5, ಒಟ್ಟಂದಕ್ಕೆ 10. ನೋಟಕ್ಕೆ ಮೂರೇ ಅಂಕ ಇಟ್ಟದ್ದು ಸರಿ, ಏಕೆಂದರೆ ಕಣ್ಣು ಮೂಗನ್ನು ಸುಲಭವಾಗಿ ದಾರಿ ತಪ್ಪಿಸುತ್ತದೆ. ಬಿಳಿ ವೈನಿಗೆ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ವೈನ್ ಶಾಸ್ತ್ರ ಓದುತ್ತಿದ್ದ 54 ಮಂದಿ ಅದರ ವಾಸನೆಯನ್ನು ಕೆಂಪು ವೈನಿನ ಮಾತುಗಳಲ್ಲೇ ಬಣ್ಣಿಸಿದ್ದು 2001ರಲ್ಲಿ ಫ್ರಾನ್ಸಿನಿಂದ ಪ್ರಕಟವಾಯಿತು. ಕಿವಿಯೂ ಹಾಗೆಯೇ. ಪಕ್ಕದವರು ‘ಚಕ್ಕಿ ಐತಿ’ ಅಂದರೆ ನಮಗೂ ಚಕ್ಕೆಯ ವಾಸನೆ ಬರತೊಡಗುತ್ತದೆ. ಬರೆದಿಡುವ ತನಕ ಯಾರೂ ಮಾತಾಡಬಾರದು. ಒಂದು ಗುಟುಕು ನುಂಗಿ, ಬಾಯಿ ಮುಚ್ಚಿ, ಉಸಿರನ್ನು ಮೂಗಿನಿಂದ ಬಿಡಿ. ಗಂಟಲಿನ ಹಿಂಬದಿಯಿಂದ ಏರಿ ಬರುವ ವಾಸನೆಯೇ ನಾವು ರುಚಿ ಎನ್ನುವುದರ ದೊಡ್ಡ ಪಾಲು.

ನನ್ನ ಅಂಕಗಳು ಅದೇ ಕ್ರಮದಲ್ಲಿ 9, 3, 14, 4, 7, ಒಟ್ಟು 37. ಪರಿಮಳ ತುಂಬ ಚೆನ್ನಾಗಿತ್ತು. ಮಾಲ್ಟಿನ ಬೆಲ್ಲದಂಥ ಸಿಹಿ ಮಾತ್ರ ಅರ್ಧ ಗ್ಲಾಸಿಗೇ ಶುಂಠಿಯ ಕೆಳಗೆ ಮುಚ್ಚಿಹೋಯಿತು. ಮಸಾಲೆ ಎಷ್ಟೇ ಒಳ್ಳೆಯದಿದ್ದರೂ ಅದು ಬಿಯರಿನ ಮೇಲೆ ಕೂರಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ‘ಖಾರ ಗಂಟಲಾಗ ಕುಂತದ ನೋಡಪಾ, ಹೋಗವಲ್ದು’ ಎಂದ ಧಾರವಾಡದ ಗೆಳೆಯನೂ ರುಚಿಯಲ್ಲಿ ಅಂಕ ಕಳೆದಿದ್ದ. ವಿಚಾರಿಸಿದರೆ ಹಾಕಿದ್ದು ಒಣಶುಂಠಿ. ಶುಂಠಿ ಒಣಗಿದಾಗ ಜಿಂಜರಾಲ್‌ನ ಒಂದಷ್ಟು ಪಾಲು ಶೋಗಾಲ್ ಆಗುತ್ತದೆ, ಅದರ ಖಾರ ಜಿಂಜರಾಲ್‌ಗಿಂತ ಹೆಚ್ಚು. ಹಸಿಶುಂಠಿ ಹಾಕಿ ಮತ್ತೊಮ್ಮೆ ಮಾಡಿ ಎಂದು ಅಲ್ಲಿಯವರಿಗೆ ಹೇಳಿ ಬಂದಿದ್ದೇವೆ.